ವಿಮಾನ ಬರದ ಏರ್‌ಪೋರ್ಟು, ಬಾಣಂತನ ಮುಗಿಯದ ಸಾಲ

ಟೀವಿಲಿ ಮತ್ತೆ ಅದೇ ಚರ್ಚೆ, ಸರ್ಕಾರ ಸಾಲ ಮಾಡಿ ರಸ್ತೆ, ಸೇತುವೆ ಕಟ್ಬೇಕಾ ಬೇಡ್ವಾ ಅಂತ. ಒಬ್ರು ‘ಹಾಸಿಗೆ ಇದ್ದಷ್ಟು ಕಾಲು ಚಾಚಿ’ ಅಂತಾರೆ, ಇನ್ನೊಬ್ರು ‘ಅದು ಸಾಲ ಅಲ್ಲ ಸಾರ್, ಹೂಡಿಕೆ’ ಅಂತಾರೆ. ನಂದು ಎರಡನೆಯವರ ಪಾರ್ಟಿ. ಹೂಡಿಕೆ ಅಂದ್ರೆ ಏನು ಅಂತ ಸ್ಪೇನಿನ ಕಾಸ್ಟೆಯೋನ್‌ನವರು ಜಗತ್ತಿಗೇ ತೋರಿಸಿಕೊಟ್ಟಿದ್ದಾರಲ್ಲ.

ಸಾಲ ಸಲೀಸಾಗಿ ಸಿಗ್ತಿದ್ದ ಕಾಲದಲ್ಲಿ ಶುರುವಾದ ಏರ್‌ಪೋರ್ಟು ಅದು, 2011ರಲ್ಲಿ ಜೋರಾಗಿ ಉದ್ಘಾಟನೆ ಆಯ್ತು. ವಿಮಾನ ಮಾತ್ರ ಇರ್ಲಿಲ್ಲ. ಅಲ್ಲಿನ ಲೀಡರು ಕಾರ್ಲೋಸ್ ಫಾಬ್ರಾ ಒಂಚೂರೂ ಮುಜುಗರ ಪಡ್ಲಿಲ್ಲ, ಜನ ಬಂದು ರನ್‌ವೇ ಮೇಲೆ ಓಡಾಡ್ಲಿ, ವಿಮಾನ ಹಾರ್ತಿದ್ರೆ ಈ ಭಾಗ್ಯ ಸಿಗ್ತಿತ್ತಾ ಅಂದ. ಸರಿಯಾಗೇ ಹೇಳಿದ ಬಿಡಿ. ಸುಮಾರು 15 ಕೋಟಿ ಯೂರೋದ ವಾಕಿಂಗ್ ಟ್ರ್ಯಾಕು ಇನ್ಯಾರ ಹತ್ರ ಇದೆ? ಜೊತೆಗೆ ಅವನಿಂದಲೇ ಸ್ಫೂರ್ತಿ ಪಡೆದು ಮಾಡಿದ 24 ಮೀಟರ್ ಎತ್ತರದ ಪ್ರತಿಮೆ, ಅದರ ತಲೆ ಮೇಲೊಂದು ವಿಮಾನ. ನಾಲ್ಕು ವರ್ಷ ಅಲ್ಲಿ ಕಾಯಂ ಆಗಿ ನೋಡೋಕೆ ಸಿಕ್ಕಿದ್ದು ಅದೊಂದೇ ವಿಮಾನ.

ಕೆನಡಾದ ಮಾಂಟ್ರಿಯಲ್ ಮೇಯರ್ ಡ್ರಾಪೋ ಇನ್ನೂ ದೊಡ್ಡ ಮನುಷ್ಯ. ಗಂಡಸಿಗೆ ಹೆರಿಗೆ ಆದ್ರೂ ಆದೀತು, ತನ್ನೂರಿನ 1976ರ ಒಲಿಂಪಿಕ್ಸಿಗೆ ನಷ್ಟ ಆಗಲ್ಲ ಅನ್ನೋ ಧಾಟೀಲಿ ಮಾತಾಡಿದ್ದ. ಹೆರಿಗೆ ಆಯ್ತು. ಬಾಣಂತನ 30 ವರ್ಷ ನಡೀತು, ಖರ್ಚಿನ ಬಹುಪಾಲು ಸಿಗರೇಟ್ ಸೇದೋರ ತೆರಿಗೆಯಿಂದ, ಅಂದ್ರೆ ಕ್ರೀಡಾಂಗಣದ ಸಾಲ ತೀರಿಸಿದ್ದು ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡೋರು. 2006ರಲ್ಲಿ ಸಾಲ ತೀರೋ ಹೊತ್ತಿಗೆ ಅಲ್ಲಿ ಆಡ್ತಿದ್ದ ಬೇಸ್‌ಬಾಲ್ ಟೀಮು ಊರೇ ಬಿಟ್ಟು ಹೋಗಿತ್ತು.

ಹಾಸಿಗೆ ಪಾರ್ಟಿಯವರು ನಗ್ಬೇಡಿ. ಜರ್ಮನಿಯವರು 2009ರಲ್ಲಿ ಸಂವಿಧಾನದಲ್ಲೇ ಬರ್ಕೊಂಡ್ರು, ಕೇಂದ್ರದ ಹೊಸ ಸಾಲ ಜಿಡಿಪಿಯ 0.35 ಪರ್ಸೆಂಟ್ ದಾಟ್ಬಾರ್ದು ಅಂತ. ಕಾಲು ಮಡಚಿಕೊಂಡು ಮಲಗಿದ್ರು. 2024ರಲ್ಲಿ ಡ್ರೆಸ್ಡೆನ್‌ನ ಕರೋಲಾ ಸೇತುವೆಯ ಒಂದು ಭಾಗ ರಾತ್ರೋರಾತ್ರಿ ನದಿಗೆ ಕುಸೀತು. ಸಾಲ ಮಾಡದೇ ಇದ್ದಿದ್ದಕ್ಕೇ ಬಿತ್ತು ಅಂತ ನಾನ್ ಹೇಳಲ್ಲ, ಒಳಗಿನ ಉಕ್ಕು ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು. ಆದ್ರೆ ಮುಂದಿನ ವರ್ಷಾನೇ ಸಂವಿಧಾನ ತಿದ್ದಿ 50,000 ಕೋಟಿ ಯೂರೋ ಸಾಲಕ್ಕೆ ದಾರಿ ಮಾಡ್ಕೊಂಡ್ರು.

ಅಲ್ಲ, ತುಕ್ಕು ಕೆರೆಯೋ ಕೆಲಸಕ್ಕೆ ಯಾವನಾದ್ರೂ ಟೇಪು ಕಟ್ ಮಾಡಿದ್ದು ನೋಡಿದೀರಾ? ಆ ತಟ್ಟೆ, ತಟ್ಟೆ ಮೇಲೆ ಮಖಮಲ್ಲು, ಅದರ ಮೇಲೆ ಫಳಫಳ ಕತ್ತರಿ, ಒಂದೇ ಕತ್ತರಿಗೆ ಆರು ಜನ ಕೈ ಹಾಕಿ ಎಲ್ರೂ ಕ್ಯಾಮೆರಾ ಕಡೆ ನೋಡೋದು. ಟೇಪು ಹೆಂಗೆ ಕಟ್ ಆಗುತ್ತೆ ಅನ್ನೋದೇ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಚರಂಡಿಗೆ ಸಾಲ ಸಿಗಬೇಕಂದ್ರೆ ವಾಸನೆ ಪಾರ್ಲಿಮೆಂಟಿಗೇ ಹೊಡೀಬೇಕು. ಲಂಡನ್ನಲ್ಲಿ ಕಾಲರಾಕ್ಕೆ ಸಾವಿರಾರು ಜನ ಸತ್ತಾಗ ಯಾರಿಗೂ ಅರ್ಜೆಂಟ್ ಇರ್ಲಿಲ್ಲ. 1858ರ ಬೇಸಿಗೇಲಿ ಥೇಮ್ಸ್ ನದಿ ನಾತಕ್ಕೆ ಪಾರ್ಲಿಮೆಂಟಿನ ಪರದೆಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ನೇತಾಕಿದ್ರೂ ಕೂರಕ್ಕಾಗ್ಲಿಲ್ಲ ನೋಡಿ, 18 ದಿನದಲ್ಲಿ ಕಾನೂನು ಪಾಸು, 30 ಲಕ್ಷ ಪೌಂಡ್ ಸಾಲಕ್ಕೆ ಅನುಮತಿ! ಇಂಜಿನಿಯರ್ ಬ್ಯಾಜಲ್ಜೆಟ್ ಕಟ್ಟಿಸಿದ ಆ ಚರಂಡಿ ಇವತ್ತಿಗೂ ಕೆಲಸ ಮಾಡ್ತಿದೆ.

ಸಾಲದ ಮೇಲೆ ನಂಗೇನೂ ಸಿಟ್ಟಿಲ್ಲ. ನೂರು ವರ್ಷ ಬಾಳೋ ಪೈಪಿಗೆ ನಲವತ್ತು ವರ್ಷ ಕಂತು ಕಟ್ಟೋಣ, ಖುಷಿಯಾಗೇ ಕಟ್ಟೋಣ. ಎಷ್ಟು ಜನ ಓಡಾಡ್ತಾರೆ ಅಂತ ಅಂದಾಜು ಮಾಡಿದ್ರಿ, ಯಾರು ಮಾಡಿದ್ದು, ಆ ಹಾಳೆ ತೋರಿಸ್ರೀ ಅಂದ್ರೆ ಮಾತ್ರ ಒಬ್ಬರೂ ತೋರಿಸಲ್ಲ. ಅಂದಾಜು ತಪ್ಪಿದ್ರೆ ಅವರ ಜೇಬಿಂದ ಒಂದು ಪೈಸೆ ಹೋಗಲ್ಲ. ಕಂತು ನಮ್ದು. ಕೇಳಿ ಕೇಳಿ ಸಾಕಾಗಿದೆ.

ಹಾಂ, ಕಾಸ್ಟೆಯೋನ್‌ಗೆ ಕೊನೆಗೂ 2015ರಲ್ಲಿ ವಿಮಾನ ಬಂತು. ಫಾಬ್ರಾಗೆ ನೋಡೋಕಾಗ್ಲಿಲ್ಲ ಪಾಪ, ಜೈಲಲ್ಲಿದ್ದ. ತೆರಿಗೆ ಕಟ್ಟದೇ ವಂಚಿಸಿದ್ದಕ್ಕೆ.