ಕುರ್ಚಿ ಬರುವಷ್ಟರಲ್ಲಿ ಮಗುವಿನ ಕಾಲು ಬೆಳೆದಿತ್ತು

ಮೂರರಿಂದ ಐದು ವರ್ಷದ ಮಕ್ಕಳ ಜೊತೆ ದಿನ ಕಳೆಯೋದು ನನ್ನ ಕೆಲಸ. ಒಂದು ವಿಷಯ ತುಂಬಾ ದಿನದಿಂದ ಮನಸ್ಸಲ್ಲಿ ಕೊರೆಯುತ್ತಿದೆ: ಅಂಗವೈಕಲ್ಯ ಇರುವ ಪುಟ್ಟ ಮಕ್ಕಳಿಗೆ ನೆರವು ತಡವಾಗಿ ಸಿಗೋದು.

ನಮ್ಮ ತರಗತಿಗೆ ಮೂರು ವರ್ಷದ ಹುಡುಗನೊಬ್ಬ ಬಂದ. ಅವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಹತೋಟಿಗೆ ಸಿಗದ ಸ್ಥಿತಿ. ಮಾಮೂಲಿ ಕುರ್ಚಿಯಲ್ಲಿ ಕೂರಿಸಿದರೆ ಕಾಲು ನೇತಾಡುತ್ತಿತ್ತು, ಸೊಂಟ ಜಾರುತ್ತಿತ್ತು. ಬೀಳಬಾರದು ಅಂತ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೇ ಇರುತ್ತಿದ್ದ. ಇನ್ನು ಕ್ರೇಯಾನ್ ಹಿಡಿಯೋದು ಯಾವ ಕೈಯಲ್ಲಿ? ಒಂದು ದಿನ ಥೆರಪಿಸ್ಟ್ ಬಂದರು. ಅವನ ಪಾದದ ಕೆಳಗೆ ಒಂದು ಮರದ ಪೆಟ್ಟಿಗೆ ಇಟ್ಟರು. ಟವೆಲ್ ಸುತ್ತಿ ಸೊಂಟದ ಎರಡೂ ಕಡೆ ಒತ್ತಿದರು. ಅಂಗಾಲು ಊರಿತು. ಸ್ವಲ್ಪ ಹೊತ್ತಿಗೆ ಬಲಗೈ ಅಂಚು ಬಿಟ್ಟಿತು. ಕೆಂಪು ಕ್ರೇಯಾನ್ ಎತ್ತಿಕೊಂಡು ಗೀಚೇ ಗೀಚಿದ. ನೋಡುತ್ತಿದ್ದ ಅವನಮ್ಮ, "ಇಷ್ಟೇನಾ ಬೇಕಿದ್ದಿದ್ದು, ಟೀಚರ್?" ಅಂದರು.

ಅವನ ಅಳತೆಗೆ ಸರಿಯಾದ ಕುರ್ಚಿಗೆ ಅರ್ಜಿ ಹಾಕಿದೆವು. ಅಂಗವೈಕಲ್ಯದ ಪ್ರಮಾಣಪತ್ರ ಬೇಕು ಅಂದರು. ಅದಕ್ಕೆ ಹೋದರೆ, ಮಗು ಇನ್ನೂ ಚಿಕ್ಕದು, ಸ್ವಲ್ಪ ದೊಡ್ಡದಾಗಲಿ ಅಂದರು. ಅಂತೂ ಕುರ್ಚಿ ಬಂತು, ಒಂದೂವರೆ ವರ್ಷಕ್ಕೆ. ಅಷ್ಟರಲ್ಲಿ ಹುಡುಗ ಬೆಳೆದಿದ್ದ. ಮಂಡಿ ಕುರ್ಚಿಯ ಟ್ರೇಗೆ ತಾಗುತ್ತಿತ್ತು.

ಆ ಒಂದೂವರೆ ವರ್ಷವನ್ನು ಅವನಿಗೆ ಯಾರು ವಾಪಸ್ ಕೊಡುತ್ತಾರೆ?

ದೊಡ್ಡವರಿಗೆ ಅದು ಕಾಯುವ ಸಮಯ ಅಷ್ಟೇ. ಮೂರು ವರ್ಷದ ಮಗುವಿಗೆ ಅದು ಬದುಕಿನ ಅರ್ಧದಷ್ಟು. ಕಿವಿಯ ವಿಷಯದಲ್ಲಿ ತಜ್ಞರು 1-3-6 ಅನ್ನೋ ಲೆಕ್ಕ ಇಟ್ಟುಕೊಂಡಿದ್ದಾರೆ. ಮಗು ಹುಟ್ಟಿದ 1 ತಿಂಗಳೊಳಗೆ ಕಿವಿ ಕೇಳುತ್ತಾ ಅನ್ನೋ ಪರೀಕ್ಷೆ, 3 ತಿಂಗಳೊಳಗೆ ದೋಷ ಇದೆಯಾ ಅನ್ನೋದು ಖಚಿತ, 6 ತಿಂಗಳೊಳಗೆ ನೆರವು ಶುರು. ಲೆಕ್ಕ ಇರೋದು ತಿಂಗಳಲ್ಲಿ, ವರ್ಷಗಳಲ್ಲಿ ಅಲ್ಲ. ಮಾತು ಮೂಡುವ ಕಾಲ ಯಾವ ಫೈಲಿಗೂ ಕಾಯಲ್ಲ.

ನೆರವು ಬೇಗ ಸಿಗಲಿ ಅನ್ನೋದು ನನ್ನೊಬ್ಬಳ ಆಸೆ ಅಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದದ 26ನೇ ವಿಧಿ, ಇಂಥ ನೆರವು ಸಾಧ್ಯವಾದಷ್ಟು ಬೇಗ ಶುರುವಾಗಬೇಕು ಅನ್ನುತ್ತದೆ. 1989ರ ಮಕ್ಕಳ ಹಕ್ಕುಗಳ ಒಪ್ಪಂದದ 23ನೇ ವಿಧಿ, ಸಾಧ್ಯವಾದಾಗಲೆಲ್ಲ ಅದನ್ನು ಉಚಿತವಾಗಿ ಕೊಡಿ ಅನ್ನುತ್ತದೆ. ಜಗತ್ತಿನಲ್ಲಿ ಅಂಗವೈಕಲ್ಯ ಇರುವ ಮಕ್ಕಳು ಸುಮಾರು 24 ಕೋಟಿ ಅಂತ 2021ರಲ್ಲಿ ಯುನಿಸೆಫ್ ಹೇಳಿತ್ತು. ಅಷ್ಟೂ ಮಕ್ಕಳು ಒಂದು ಕಾಲಕ್ಕೆ ಮೂರು ವರ್ಷದವರೇ ಅಲ್ವಾ?

ನಾನು ಕೇಳೋದು ಇಷ್ಟು. ಮಗು ತರಗತಿಗೆ ಕಾಲಿಟ್ಟ ತಿಂಗಳೇ ಅದರ ನೆರವಿಗೆ ಬೇಕಾದ ಹಣವೂ ಬರಲಿ. ಟೀಚರ್ ಕಂಡದ್ದು, ಅಪ್ಪ ಅಮ್ಮ ಹೇಳಿದ್ದು, ಥೆರಪಿಸ್ಟ್ ಬರೆದ ಒಂದು ಪುಟ, ಶುರು ಮಾಡಲು ಅಷ್ಟು ಸಾಕು. ಪ್ರಮಾಣಪತ್ರ ಆಮೇಲೆ ಬರಲಿ. ಎಷ್ಟೋ ಮಕ್ಕಳಿಗೆ ಈ ವಯಸ್ಸಲ್ಲಿ ಏನು ತೊಂದರೆ ಅಂತ ಡಾಕ್ಟರೇ ಖಚಿತವಾಗಿ ಹೇಳಲ್ಲ. ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಕಷ್ಟ ಇಲ್ಲ ಅಂತಲ್ಲ.

ಇನ್ನೊಂದು. ಹಣ ಬರೀ ಸಾಮಾನಿಗೆ ಹೋಗಬಾರದು. ರ‍್ಯಾಂಪ್ ಬೇಕು, ಖಂಡಿತ ಬೇಕು. ಆದರೆ ಮಗುವಿಗೆ ಊಟ ಮಾಡಿಸೋಕೆ, ಟಾಯ್ಲೆಟ್‌ಗೆ ಕರೆದುಕೊಂಡು ಹೋಗೋಕೆ, ಆಟದ ಮಧ್ಯೆ ಪಕ್ಕದಲ್ಲಿ ಕೂರೋಕೆ ಇನ್ನೊಬ್ಬರು ಬೇಕು. ಅವರ ಸಂಬಳವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆ ಜನ ಇಲ್ಲದ ಕಡೆ, "ಮಗೂನ ನೀವೇ ಬಂದು ನೋಡ್ಕೊಳ್ಳಿ" ಅಂತ ಅಮ್ಮನಿಗೆ ಹೇಳಿಬಿಡುತ್ತಾರೆ. ಅವಳ ಕೆಲಸ ಅಲ್ಲಿಗೆ ಹೋಯಿತು.

ದುರುಪಯೋಗ ಆಗುತ್ತೆ ಅನ್ನುವವರೂ ಇದ್ದಾರೆ. ಪಟ್ಟಿ ಕಟ್ಟಿದ ಕುರ್ಚಿಯಲ್ಲಿ ತನ್ನ ಮಗುವನ್ನು ಸುಮ್ನೆ ಕೂರಿಸಲು ಯಾವ ತಾಯಿ ಸುಳ್ಳು ಹೇಳುತ್ತಾಳೆ?

ಆ ಮರದ ಪೆಟ್ಟಿಗೆ ಈಗಲೂ ನಮ್ಮ ತರಗತಿಯಲ್ಲೇ ಇದೆ. ಈ ವರ್ಷ ಒಬ್ಬ ಹುಡುಗಿ ಬಂದಿದ್ದಾಳೆ. ಅರ್ಜಿ ಹಾಕಿ ಐದು ತಿಂಗಳಾಯಿತು. ಸದ್ಯಕ್ಕೆ ಅವಳ ಕಾಲೂ ಅದರ ಮೇಲೇ.