ಸ್ಕ್ರೀನ್‌ಶಾಟ್ ಹೊಡೆದರೆ ಪಾಠ ಆಯ್ತು

ಮತ್ತೊಂದು ಸುತ್ತೋಲೆ ಬಂದಿದೆ. ಎಲ್ಲ ಉಪನ್ಯಾಸಕರೂ ಸಂಜೆಯೊಳಗೆ ಎಲ್‌ಎಂಎಸ್‌ಗೆ, ಅಂದರೆ ಸರ್ಕಾರಿ ಕಾಲೇಜುಗಳ ಆನ್‌ಲೈನ್ ಕಲಿಕಾ ವ್ಯವಸ್ಥೆಗೆ, ಪಾಠ ಹಾಕಬೇಕು, ಹಾಕಿದ್ದಕ್ಕೆ ಸ್ಕ್ರೀನ್‌ಶಾಟ್ ಕೊಡಬೇಕು. ಆ ಪಾಠವನ್ನು ಯಾರಾದರೂ ಓದಿದರಾ ಅಂತ ಮಾತ್ರ ಕೇಳಿಲ್ಲ. ಅಷ್ಟು ಖಾಸಗಿ ವಿಷಯ ಕೇಳುವುದು ಸಭ್ಯತೆ ಅಲ್ಲ, ಅಲ್ವಾ?

2021ರ ಜೂನ್‌ನಲ್ಲಿ ಯಡಿಯೂರಪ್ಪನವರು ಈ ಎಲ್‌ಎಂಎಸ್‌ಗೆ ಚಾಲನೆ ಕೊಟ್ಟಿದ್ದು ನೆನಪಿರಬೇಕು. 430 ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್, ಎಲ್ಲಕ್ಕೂ ಒಂದೇ ವ್ಯವಸ್ಥೆ. ಜೊತೆಗೆ ಒಂದೂವರೆ ಲಕ್ಷದಷ್ಟು ಮಕ್ಕಳಿಗೆ ಟ್ಯಾಬ್ಲೆಟ್. ಕೊರೊನಾ ಕಾಲ, ಕಾಲೇಜಿಗೆ ಬೀಗ. ಐಡಿಯಾ ಕೆಟ್ಟದ್ದೇನಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ 2002ರಲ್ಲಿ ಹೊರಬಂದ ಮೂಡಲ್ ಅನ್ನೋ ಸಾಫ್ಟ್‌ವೇರ್ ಈ ಕುಲದ ಹಿರಿಯಣ್ಣ. ಮಕ್ಕಳು ಒಬ್ಬರಿಗೊಬ್ಬರು ಮಾತಾಡಿಕೊಂಡು ಕಲಿಯಲಿ ಅನ್ನೋದು ಅದರ ತತ್ವ. ನಾವು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಪಿಡಿಎಫ್ ಗೋದಾಮು ಕಟ್ಟಿದೆವು.

ಹಾಗೆ ನೋಡಿದರೆ ಕಾಲೇಜಿನ ಎದುರಿಗಿರುವ ಜೆರಾಕ್ಸ್ ಅಂಗಡಿಯೇ ನಮ್ಮ ಹಳೆಯ ಎಲ್‌ಎಂಎಸ್. "ಅಣ್ಣಾ, ಥರ್ಡ್ ಸೆಮ್ ಎಕನಾಮಿಕ್ಸ್" ಅಂದರೆ ಸಾಕು. ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ಯಾವ ಮೇಷ್ಟ್ರ ನೋಟ್ಸ್ ಚೆನ್ನಾಗಿದೆ, ಯಾವ ಪ್ರಶ್ನೆ ಈ ಸಲ ಗ್ಯಾರಂಟಿ, ಎಲ್ಲ ಅಣ್ಣನ ಬಾಯಲ್ಲೇ. ಸಿಲಬಸ್ ಬದಲಾದರೆ ಪ್ರಿನ್ಸಿಪಾಲರಿಗಿಂತ ಮೊದಲು ಅವನಿಗೆ ಗೊತ್ತು. ಸಾಲದ ಸೌಲಭ್ಯವೂ ಉಂಟು. ಕರೆಂಟ್ ಹೋದಾಗ ಮಾತ್ರ ಸರ್ವರ್ ಡೌನ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದಾಗ ಒಮ್ಮೆ ರಸ್ತೆ ದಾಟಿ ಅಲ್ಲಿಗೂ ಹೋಗಲಿ, ಎ ಪ್ಲಸ್ ಪ್ಲಸ್ ಕೊಟ್ಟೇ ಬರುತ್ತಾರೆ.

ಇತ್ತ ಗೋದಾಮಿನ ಕಥೆ ಕೇಳಿ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಹೊಸ ಸಿಲಬಸ್ಸಿಗೆ ಪಾಠ ತಯಾರಿಸಿ ಅಂದರು. ತಯಾರಿಸಿದರು. 2024ರಲ್ಲಿ ಎನ್‌ಇಪಿ ಬೇಡ, ಮತ್ತೆ ಮೂರು ವರ್ಷದ ಪದವಿಯೇ ಇರಲಿ ಅಂದರು. ಸರಿ, ಇನ್ನೊಂದು ಸಲ ತಯಾರಿಸಿ.

ತಯಾರಿಸುವವರು ಯಾರು? ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಅವರು ಹತ್ತು ಸಾವಿರಕ್ಕೂ ಜಾಸ್ತಿ ಇದ್ದಾರೆ. ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದರೂ ಇನ್ನೂ ಅತಿಥಿಗಳೇ. ವರ್ಷ ಮುಗಿದರೆ ಬಿಡುಗಡೆ, ಮುಂದಿನ ವರ್ಷ ಮತ್ತೆ ಅರ್ಜಿ, ಕೌನ್ಸೆಲಿಂಗ್. ಕೆಲಸ ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಅವರು ಮಾಡಿ ಹಾಕಿದ ವಿಡಿಯೊ ಮಾತ್ರ ಸರ್ವರಿನಲ್ಲಿ ಕಾಯಂ.

ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಖಾಲಿ ಹುದ್ದೆ ತುಂಬಿ ಸ್ವಾಮಿ. ಮೇಷ್ಟ್ರಿಗೆ ತಿಂಗಳು ತಿಂಗಳು ಸಂಬಳ ಕೊಡಿ. ಆಮೇಲೆ ಬೇಕಾದರೆ ದಿನಕ್ಕೆರಡು ಕ್ವಿಜ್ ಹಾಕಿಸಿಕೊಳ್ಳಿ, ಜಿಯೋ ಟ್ಯಾಗ್ ಮಾಡಿದ ಫೋಟೊ ಸಮೇತ.