ಐಕನ್ನು ಹಲಸಿನಹಣ್ಣಾದ ದಿನ

ಆಷಾಢದ ಮಳೆ ಹಿಡಿದ ಮೂರನೇ ದಿನ ಊರಿಂದ ಅಮ್ಮನ ಫೋನು. "ಕಂಪ್ಯೂಟರಲ್ಲಿ ಇದ್ದಿದ್ದೆಲ್ಲ ಹಲಸಿನಹಣ್ಣಿನ ಹಾಗೆ ಊದಿಕೊಂಡಿದೆ ಅಂತೆ ಮಾರಾಯಾ, ಎಂತ ಮಾಡೋದು ಅಂತ ಅಪ್ಪಯ್ಯ ಕೇಳ್ತಿದಾರೆ."

ನಮ್ಮ ಮನೆ ಇರೋದು ತೀರ್ಥಹಳ್ಳಿಯಿಂದ ಸುಮಾರು ಒಳಗೆ. ಮೊಬೈಲ್ ಸಿಗ್ನಲ್ ಬೇಕಂದ್ರೆ ಅಂಗಳದ ತುದಿಗೇ ಹೋಗಬೇಕು. ಕಂಪ್ಯೂಟರು ಜಗಲಿಯ ಪಕ್ಕದ ಕೋಣೆಯಲ್ಲಿ. ಹಾಗಾಗಿ ಅಮ್ಮ ಕೊಡೆ ಹಿಡಿದು ಅಂಗಳದಲ್ಲಿ, ಅಪ್ಪಯ್ಯ ಕಿಟಕಿಯ ಒಳಗೆ, ನಾನು ಶಿವಮೊಗ್ಗದ ವಿನೋಬನಗರದಲ್ಲಿ. ನಾನು ಹೇಳಿದ್ದನ್ನು ಅಮ್ಮ ಮಳೆಗಿಂತ ಜೋರಾಗಿ ಕೂಗೋದು, ಅಲ್ಲಿಂದ ಬಂದ ಉತ್ತರ ನನಗೆ ಹೇಳೋದು.

"ಕೀಬೋರ್ಡಿನ ಎಡಗಡೆ ಕೆಳಗೆ, ಕಂಟ್ರೋಲ್ ಅನ್ನೋ ಕೀ ಮೇಲೆ ಏನಾದ್ರೂ ಬಿದ್ದಿದೆಯಾ ಕೇಳಮ್ಮ."

ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು.

"ಅಡಿಕೆ ಲೆಕ್ಕದ ಪುಸ್ತಕ ಇಟ್ಟಿದಾರಂತೆ."

ವಿಷಯ ಅಷ್ಟೇ. ವಿಂಡೋಸ್‌ನಲ್ಲಿ ಕಂಟ್ರೋಲ್ ಒತ್ತಿಕೊಂಡು ಮೌಸಿನ ಗಾಲಿ ತಿರುಗಿಸಿದರೆ ಡೆಸ್ಕ್‌ಟಾಪಿನ ಐಕನ್ ದೊಡ್ಡದಾಗುತ್ತೆ, ಉಲ್ಟಾ ತಿರುಗಿಸಿದರೆ ಚಿಕ್ಕದಾಗುತ್ತೆ. ಪುಸ್ತಕ ಒತ್ತಿತ್ತು, ಅಪ್ಪಯ್ಯ ತಿರುಗಿಸಿದ್ದರು. ಪುಸ್ತಕ ತೆಗೆಸಿ, ಕಂಟ್ರೋಲ್, ಶಿಫ್ಟ್ ಮತ್ತು 3 ಒಟ್ಟಿಗೆ ಒತ್ತಿಸಿದೆ. ಅದು ಮಧ್ಯಮ ಗಾತ್ರ. (2 ಒತ್ತಿದರೆ ದೊಡ್ಡದು, 4 ಒತ್ತಿದರೆ ಸಣ್ಣದು. ಬೆರಳು ಎಟುಕದವರು ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಬಟನ್ ಒತ್ತಿ 'ವ್ಯೂ' ಅನ್ನೋದರಲ್ಲಿ ಹುಡುಕಿ.) "ಸರಿಹೋಯ್ತಂತೆ" ಅಂದರು ಅಮ್ಮ.

ಸರಿಹೋಗಿರಲಿಲ್ಲ. ಭಾನುವಾರ ಊರಿಗೆ ಹೋದಾಗ ಗೊತ್ತಾಯಿತು. ಆ ದಿನ ನಾನು ಮಾಡಿದ ತಪ್ಪು ಹೇಳೋಕೇ ಇದನ್ನ ಬರೀತಿರೋದು.

ಅಪ್ಪಯ್ಯನ ಡೆಸ್ಕ್‌ಟಾಪ್ ನೋಡಿದರೆ ಗೊಬ್ಬರಗುಂಡಿ. ಒಂದು ಫೋಲ್ಡರ್ ಮೇಲೆ, ಒಂದು ನಡುವೆ, ಎರಡು ಬಲಮೂಲೆಯಲ್ಲಿ. ನಾನೋ, ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ಮನುಷ್ಯ. 'ಆಟೋ ಅರೇಂಜ್' ಒತ್ತಿದೆ. ಎಲ್ಲ ಎಡಗಡೆ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತವು. ನೋಡೋಕೆ ಚೆಂದ. ಅಪ್ಪಯ್ಯ ಬಂದು ಕೂತು ಎರಡು ನಿಮಿಷ ಮೌಸ್ ಆಡಿಸಿ, "ಎಂತ ಮಾಡಿದ್ಯೋ? ಕೊನೆಗಾರನ ಲೆಕ್ಕ ಇಲ್ಲಿ ಇತ್ತಲ್ಲ" ಅಂತ ಪರದೆಯ ಬಲಗಡೆ ಕೆಳಗೆ ಖಾಲಿ ಜಾಗಕ್ಕೆ ಬೆರಳಿಟ್ಟರು. (ಕೊನೆಗಾರ ಅಂದ್ರೆ ಮರ ಹತ್ತಿ ಅಡಿಕೆ ಕೊನೆ ಇಳಿಸೋನು.)

ಅವರು ಹೆಸರು ಓದಿ ಫೈಲ್ ತೆಗೆಯೋರೇ ಅಲ್ಲ. ಜಾಗ ನೋಡಿ ತೆಗೆಯೋರು. ತೋಟದಲ್ಲೂ ಹಾಗೇ. ಯಾವ ಸಾಲಿನ ಯಾವ ಮರಕ್ಕೆ ಹೋದ ಸಲ ಕೊಳೆರೋಗ ಬಂದಿತ್ತು ಅನ್ನೋದನ್ನ ಕಣ್ಣು ಮುಚ್ಚಿ ಹೇಳ್ತಾರೆ, ಮರಕ್ಕೆಲ್ಲ ಚೀಟಿ ಅಂಟಿಸಿಲ್ಲ. ನಾನು ಮಾಡಿದ್ದು ರಾತ್ರೋರಾತ್ರಿ ತೋಟದ ಮರಗಳನ್ನೆಲ್ಲ ಕಿತ್ತು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ. ಅದೂ, ಒಮ್ಮೆ ಜೋಡಿಸಿದ ಮೇಲೆ ಎಲ್ಲವನ್ನೂ ಹಳೇ ಜಾಗಕ್ಕೆ ವಾಪಸ್ ಕಳಿಸೋ ಬಟನ್ ಅಲ್ಲಿಲ್ಲ. ಸಂಜೆವರೆಗೆ ಇಬ್ಬರೂ ಕೂತು ಒಂದೊಂದನ್ನೇ ಎಳೆದು ಇಟ್ಟೆವು.

ಆಗ ಅವರು ಇನ್ನೊಂದು ಮಾತು ಹೇಳಿದರು. "ಚಿತ್ರ ದೊಡ್ಡ ಮಾಡ್ತೀರಿ, ಅಡಿಯ ಅಕ್ಷರ ಮಾತ್ರ ಇರುವೆ ಸಾಲೇ." ಇಷ್ಟು ವರ್ಷ ಕಂಪ್ಯೂಟರ್ ಬಳಸಿದರೂ ನನಗೆ ಇದು ಹೊಳೆದಿರಲಿಲ್ಲ. ಐಕನ್ ಗಾತ್ರ ಎಷ್ಟೇ ಏರಿಸಿದರೂ ಅದರ ಕೆಳಗಿನ ಹೆಸರು ಹಿಗ್ಗೋದಿಲ್ಲ. ಹಳದಿ ಫೋಲ್ಡರ್ ಎಲ್ಲ ಒಂದೇ ತರ, ದೊಡ್ಡದಾದರೆ ದೊಡ್ಡ ಹಳದಿ ಫೋಲ್ಡರ್. ಬೇಕಾಗಿರೋದು ಹೆಸರು. ಇಂಗ್ಲಿಷ್ ಹೆಸರಾದರೆ ಹೇಗೋ ಓದಬಹುದು. ಕನ್ನಡದಲ್ಲಿ 'ಮದ್ದಿನ ಲೆಕ್ಕ' ಅಂತ ಬರೆದರೆ ದಕಾರದ ಒತ್ತು, ಕಕಾರದ ಒತ್ತು ಎರಡೂ ಅಡಿಯಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತವೆ. ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್ ಜೊತೆ ಬರ್ತಿದ್ದ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮೂರ ಹೊಳೆಯ ಹೆಸರು ಅಂತ ಆಗ ಹೆಮ್ಮೆಯಿಂದ ಅಪ್ಪಯ್ಯನಿಗೆ ತೋರಿಸಿದ್ದೆ. "ಹೊಳೆ ಬತ್ತಿದೆ" ಅಂದಿದ್ದರು, ಅಷ್ಟು ಸಣ್ಣಕ್ಕೆ ಕಾಣ್ತಿತ್ತು. ವಿಂಡೋಸ್ 8ರಿಂದ ನಿರ್ಮಲಾ ಬಂದಳು, ಸ್ವಲ್ಪ ಪರವಾಗಿಲ್ಲ.

ಅಕ್ಷರಕ್ಕೆ ಬೇರೆಯೇ ಜಾಗ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ, ಅದರಲ್ಲಿ ಟೆಕ್ಸ್ಟ್ ಸೈಜ್. ಅಲ್ಲಿರೋ ಗೀಟಿನ ಮೇಲೆ ಅಳತೆಯನ್ನ 225 ಪರ್ಸೆಂಟ್‌ವರೆಗೆ ಎಳೆಯಬಹುದು. ತಮಾಷೆ ನೋಡಿ, ಐಕನ್ನಿನ ಹೆಸರನ್ನು ಮಾತ್ರ ದೊಡ್ಡದು ಮಾಡೋ ಸೌಲಭ್ಯ ಹಿಂದೆ ಇತ್ತು. ವಿಂಡೋಸ್ 10ರ 2017ರ ಅಪ್‌ಡೇಟಿನಲ್ಲಿ ಅದನ್ನ ಕಿತ್ತುಹಾಕಿದರು. ಒಟ್ಟಾರೆ ಅಕ್ಷರ ಹಿಗ್ಗಿಸೋ ಈ ಗೀಟು ಬಂದಿದ್ದು 2018ರ ಕೊನೆಗೆ. ನಡುವಿನ ಒಂದೂವರೆ ವರ್ಷ ವಯಸ್ಸಾದವರು ಭೂತಗನ್ನಡಿ ಹಿಡಿದು ಕೂರಬೇಕಿತ್ತೇನೋ.

"ಮೊದಲಿನ ಕಂಪ್ಯೂಟರಲ್ಲಿ ಸರಿಯಾಗಿ ಕಾಣ್ತಿತ್ತು" ಅಂತ ವಯಸ್ಸಾದವರು ಹೇಳಿದರೆ ನಾವು ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಳ್ತೀವಿ. ನಾನು ಲೆಕ್ಕ ಹಾಕಿ ನೋಡಿದೆ. ಹಳೇ 15 ಇಂಚಿನ ಡಬ್ಬಾ ಮಾನಿಟರ್, 800 ಅಡ್ಡ 600 ಚುಕ್ಕೆ (ಪಿಕ್ಸೆಲ್). ಅದರಲ್ಲಿ 32 ಚುಕ್ಕೆಯ ಐಕನ್ನಿನ ಅಗಲ ಸುಮಾರು 11 ಮಿಲಿಮೀಟರ್. ಈಗಿನ 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ 1920 ಅಡ್ಡ 1080 ಚುಕ್ಕೆ. ಸ್ಕೇಲ್, ಅಂದ್ರೆ ಪರದೆ ಮೇಲಿನ ಎಲ್ಲದರ ಅಳತೆ, 100 ಪರ್ಸೆಂಟಲ್ಲಿಟ್ಟರೆ 48 ಚುಕ್ಕೆಯ 'ಮಧ್ಯಮ' ಐಕನ್ ಒಂಬತ್ತು ಮಿಲಿಮೀಟರೂ ಇಲ್ಲ. ಚುಕ್ಕೆ ಜಾಸ್ತಿಯಾಗಿದೆ, ಐಕನ್ ಕುಗ್ಗಿದೆ. ಅಪ್ಪಯ್ಯ ಹೇಳಿದ್ದೇ ಸರಿ. (ಈ ಲೆಕ್ಕ ಮುಗಿಸಿ ನನ್ನ ಲ್ಯಾಪ್‌ಟಾಪಿನ ಅಕ್ಷರವನ್ನೂ 120ಕ್ಕೆ ಏರಿಸಿಕೊಂಡೆ. ನಲವತ್ತು ದಾಟಿದವರು ಗುಟ್ಟಾಗಿ ಮಾಡಿ ನೋಡಿ.)

ಇದಕ್ಕೆ ಪೇಟೆಯ ರಿಪೇರಿ ಹುಡುಗರು ಮಾಡೋ ಚಿಕಿತ್ಸೆ ಇನ್ನೊಂದು. ಕಾಣಲ್ಲ ಅಂದ ಕೂಡಲೇ ರೆಸಲ್ಯೂಶನ್, ಅಂದ್ರೆ ಪರದೆಯ ಚುಕ್ಕೆಗಳ ಲೆಕ್ಕ, ಇಳಿಸಿಬಿಡ್ತಾರೆ. ಎಲ್ಲ ದೊಡ್ಡದೇನೋ ಆಗುತ್ತೆ, ಜೊತೆಗೆ ಎಲ್ಲ ಮಸುಕೂ ಆಗುತ್ತೆ. ಈಗಿನ ಪರದೆಯಲ್ಲಿ ಚುಕ್ಕೆಗಳ ಸಂಖ್ಯೆ ಕಲ್ಲಲ್ಲಿ ಕೊರೆದ ಹಾಗೆ. 1920ರ ಪರದೆಗೆ 1366 ಅಂತ ಹೇಳಿದರೆ ಒಂದು ಚುಕ್ಕೆಯನ್ನ ಒಂದೂಕಾಲು ಒಂದೂವರೆ ಚುಕ್ಕೆಗೆ ಹಂಚೋಕೆ ಒದ್ದಾಡಿ ಅಂಚನ್ನ ತೇಯ್ದುಬಿಡುತ್ತೆ. ಅಪ್ಪಯ್ಯನ ಸ್ನೇಹಿತರೊಬ್ಬರು ಹೀಗೆ ಮಾಡಿಸಿಕೊಂಡು ಬಂದು, ಕನ್ನಡಕದ ನಂಬರ್ ಬದಲಾಗಿದೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ರೆಸಲ್ಯೂಶನ್ ಮುಟ್ಟಬೇಡಿ. ಅದರ ಪಕ್ಕದಲ್ಲೇ ಇರೋ ಸ್ಕೇಲ್ ಅನ್ನೋದನ್ನ 125 ಅಥವಾ 150 ಮಾಡಿ. ಐಕನ್, ಅಕ್ಷರ, ಮೆನು ಎಲ್ಲ ಒಟ್ಟಿಗೆ ಬೆಳೆಯುತ್ತವೆ, ಅಂಚೂ ಚೂಪಾಗಿರುತ್ತೆ.

ಮ್ಯಾಕ್ ಇದ್ದವರಿಗೆ ಈ ರಗಳೆ ಕಡಿಮೆ. ಡೆಸ್ಕ್‌ಟಾಪ್ ಮೇಲೆ ಕ್ಲಿಕ್ ಮಾಡಿ ಕಮಾಂಡ್ ಮತ್ತು ಜೆ ಒತ್ತಿದರೆ ಐಕನ್ನಿಗೊಂದು ಗೀಟು, ಅಕ್ಷರಕ್ಕೆ ಬೇರೆ ಅಳತೆ, ಎರಡೂ ಒಂದೇ ಕಿಟಕಿಯಲ್ಲಿ. ಲಿನಕ್ಸ್ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಮಾಡಿಕೊಡೋ ಗ್ನೋಮ್‌ನವರು 2018ರಲ್ಲಿ ಡೆಸ್ಕ್‌ಟಾಪಿನ ಮೇಲೆ ಐಕನ್ನೇ ಬೇಡ ಅಂತ ತೆಗೆದುಹಾಕಿದರು. ಅಪ್ಪಯ್ಯನಿಗೆ ಅದನ್ನೇನಾದರೂ ಹಾಕಿಕೊಟ್ಟಿದ್ದರೆ ನನಗೆ ಆ ರಾತ್ರಿ ಊಟ ಸಿಗ್ತಿರಲಿಲ್ಲ.

ಕೊನೆಗೆ ಅವರ ಕಂಪ್ಯೂಟರಿಗೆ ಸ್ಕೇಲ್ 125, ಅಕ್ಷರ 140, ಐಕನ್ ಮಧ್ಯಮ. ಆಟೋ ಅರೇಂಜ್ ಆಫ್. ಕೊನೆಗಾರನ ಲೆಕ್ಕ ಬಲಗಡೆ ಕೆಳಗೆ, ಅದರ ಮೇಲೆ ಪಹಣಿ, ನಡುವೆ ಒಂಟಿಯಾಗಿ ಮೊಮ್ಮಗಳ ಫೋಟೋ. ನೋಡೋಕೆ ಈಗಲೂ ಗೊಬ್ಬರಗುಂಡಿಯೇ. ಅಡಿಕೆ ಲೆಕ್ಕದ ಪುಸ್ತಕಕ್ಕೆ ಮಾತ್ರ ಕೀಬೋರ್ಡಿನ ಹತ್ತಿರ ಜಾಗ ಇಲ್ಲ, ಕಿಟಕಿಯ ದಂಡೆ ಮೇಲೆ ಇಡಬೇಕು. ಅದು ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಅಮ್ಮನ ಆರ್ಡರು.